ಅಪ್ಪನ ಮನೆಯ ಕುತ್ತಿಗೆ

ನೀಲಾವತಿಯೊಂದಿಗಿನ ಮೊದಲ ಮಾತುಕತೆ ನಿಗದಿಯಾದದ್ದು ಮೂಡುಬಿದಿರೆಯ ಬಸ್ ನಿಲ್ದಾಣದ ಎದುರಿನ ಡೊಂಬಯ್ಯನ ಹೋಟೆಲಿನ ಮೂಲಕ, ೧೯೬೯ರ ಜನವರಿಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನ ಅಳಿಯಕಟ್ಟಿನ ಮನೆಗಳ ವಂಶಾವಳಿಗಳನ್ನು, ಅವು ಹಿರಿಯರ ನೆನಪಿನಿಂದ ಮರೆಯಾಗುವ ಮುನ್ನ, ಬರೆದಿಡುವ ಕೆಲಸ ಆಗ ನಡೆದಿತ್ತು. ಈ ಮನೆಗಳಲ್ಲಿ ಗೆರೆ ಇಳಿಯುವುದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಗಂಡಸು ಆ ಗೆರೆಯ ಪಕ್ಕದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುತ್ತಾನೆ; ಅವನ ಮಕ್ಕಳು ಅವನ ಹೆಂಡತಿಯ ಮನೆಯ ಗೆರೆಗೆ ಸೇರಿದವರು. ಸಿದ್ಧಕಟ್ಟೆಯ ಬಳಿಯ ಒಂದು ಬಂಟರ ಮನೆಯ ಗೆರೆಯನ್ನು ಅದರ ಯಜಮಾನ ಸಂಕಪ್ಪ ಶೆಟ್ಟರು ಒಂದೇ ಬೆಳಗಿನಲ್ಲಿ, ಎಲೆಯಡಿಕೆ ಮೆಲ್ಲುತ್ತ, ತಡವರಿಸದೆ ಹೇಳಿ ಮುಗಿಸಿದ್ದರು.

ಎರಡು ದಿನಗಳ ಬಳಿಕ ಅವರ ಅಕ್ಕನ ಮಗಳು ನೀಲಾವತಿ ಡೊಂಬಯ್ಯನ ಕೈಯಲ್ಲಿ ಹೇಳಿಕಳುಹಿಸಿದಳು: "ಮಾವ ಹೇಳಿದ್ದರಲ್ಲಿ ಒಂದು ಹೆಸರು ಇಲ್ಲ. ಅವರು ಮರೆತದ್ದಲ್ಲ, ಅವರ ಲೆಕ್ಕಕ್ಕೆ ಅದು ಬರುವುದಿಲ್ಲ. ಅದನ್ನು ಸೇರಿಸುವುದಾದರೆ ನಾನು ಮಾತಾಡ್ತೇನೆ. ಆದರೆ ಸ್ವರ ಹಿಡಿಯುವ ಯಂತ್ರ ತರಬಾರದು."

ಡೊಂಬಯ್ಯ ಇದನ್ನು ಒಪ್ಪಿಸುವಾಗ ನಕ್ಕ. "ಮಾತಾಡಿದ್ದೆಲ್ಲ ರೇಡಿಯೋದಲ್ಲಿ ಬರ್ತದೆ ಅಂತ ಹೆದರಿಕೆಯೋ ಏನೋ, ಮಾರಾಯ್ರೆ."

ಹೆದರಿಕೆ ರೇಡಿಯೋದ್ದಾಗಿರಲಿಲ್ಲ. ತನ್ನ ಸ್ವರ ತನ್ನ ನಂತರವೂ ಎಲ್ಲಿಯಾದರೂ ಉಳಿದೀತೆಂಬುದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಹೋಟೆಲಿನ ಒಳಕೋಣೆಯಲ್ಲಿ, ಮೈದಾ ಚೀಲಗಳ ನಡುವಿನ ಬೆಂಚಿನ ಮೇಲೆ ಕುಳಿತು ಅವಳು ಹೇಳಿದ್ದನ್ನು ಆದ್ದರಿಂದ ಕೈಯಲ್ಲೇ ಬರೆದುಕೊಳ್ಳಲಾಯಿತು.

ನೀಲಾವತಿ ಹುಟ್ಟಿದ್ದು ೧೯೨೨ರಲ್ಲಿ. ಅವಳ ಅಪ್ಪ ಮುಂಡಪ್ಪ ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯ ಕಡೆಯವನು. ಹೆಂಡತಿಯ ಮನೆಗೆ ಅವನು ಸಂಜೆ ಬರುತ್ತಿದ್ದ, ಕಾಲು ತೊಳೆಯಲು ಬಿಸಿನೀರು ಕೊಡುತ್ತಿದ್ದರು, ಒಳ್ಳೆಯ ಮಣೆ ಹಾಕುತ್ತಿದ್ದರು, ಬೆಳಿಗ್ಗೆ ಎದ್ದು ಹೋಗುತ್ತಿದ್ದ. ಅದು ಅಪ್ಪನ ಮನೆ, ಇದು ನಿಮ್ಮ ಮನೆ ಎಂದು ಮಕ್ಕಳಿಗೆ ಮಾತು ಕಲಿಯುವಾಗಲೇ ಹೇಳಿಕೊಟ್ಟಿದ್ದರು. ಹುಡುಗಿಯಾಗಿದ್ದಾಗ ಅಪ್ಪನ ಮನೆಗೆ ಅವಳು ಹೋದದ್ದು ಒಂದು ಸಲ. ೧೯೩೮ರಲ್ಲಿ, ಅವನ ಉತ್ತರಕ್ರಿಯೆಯ ಊಟಕ್ಕೆ. ಅಂದು ಹಿಂದಿನ ಜಗಲಿಯ ಮೂಲೆಯಲ್ಲಿ, ಬಟ್ಟೆಯನ್ನು ಗಲ್ಲದವರೆಗೆ ಸುತ್ತಿಕೊಂಡು ಒಬ್ಬ ಹೆಂಗಸು ಕುಳಿತಿದ್ದಳು. "ಅದು ನಿನ್ನ ಮಾಮಿ, ಅಪ್ಪನ ಅಕ್ಕ, ಅಮ್ಮಣ್ಣಿ" ಎಂದು ಯಾರೋ ತೋರಿಸಿದರು. ನೀಲಾವತಿ ನೋಡಿದಳು, ಪಂಕ್ತಿಯಲ್ಲಿ ಕುಳಿತು ಊಟ ಮಾಡಿದಳು, ಹೊರಟು ಬಂದಳು. ಅಷ್ಟೇ.

ಅವಳ ಗಂಡ ಚಿನ್ನಯ್ಯನಿಗೆ ಫರಂಗಿಪೇಟೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ ಕೆಲಸ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಮಗಳು ಕಾಂತಿ ಹುಟ್ಟಿದ್ದು ೧೯೪೬ರಲ್ಲಿ. ಕಾಂತಿಗೆ ಏಳೆಂಟು ವರ್ಷ ತುಂಬುವ ಹೊತ್ತಿಗೆ ತಾಯಿಯ ಮೈ ನಿಧಾನವಾಗತೊಡಗಿತು. ಮೊದಲು ಚಳಿ. ಊರೆಲ್ಲ ಸೆಕೆಗೆ ಬೀಸಣಿಗೆ ಹಿಡಿದ ತಿಂಗಳಲ್ಲಿ ಅವಳು ಒಲೆಯ ಪಕ್ಕದಿಂದ ಏಳುತ್ತಿರಲಿಲ್ಲ. ಬಳಿಕ ಮುಖ ಊದಿತು, ಬಳೆಗಳು ಮಣಿಕಟ್ಟಿನಲ್ಲಿ ಸಿಕ್ಕಿಕೊಂಡವು, ಹುಬ್ಬಿನ ತುದಿಯ ಕೂದಲು ಉದುರಿತು. ಗಂಟಲಿನ ಕೆಳಗೆ ಏನೋ ತುಂಬಿಕೊಂಡಂತೆ ಕುತ್ತಿಗೆ ಮುಂದಕ್ಕೆ ಬಂತು. ಎಲ್ಲದಕ್ಕಿಂತ ಹೆಚ್ಚು, ನಿದ್ದೆ.

೧೯೫೫ರ ಒಂದು ಮದುವೆಯ ಊಟದಲ್ಲಿ ಸಾರು ಬಡಿಸುತ್ತಿದ್ದವಳು ಕಂಬಕ್ಕೆ ಒರಗಿ ನಿಂತಲ್ಲೇ ನಿದ್ದೆಹೋದಳು. ಕೈಯಲ್ಲಿದ್ದ ಸೌಟು ವಾಲಿ ಸಾರು ಮದುಮಗನ ಮಾವನ ಪಂಚೆಯ ಮೇಲೆ ಸುರಿಯಿತು. ಪಂಕ್ತಿಯ ತುದಿಯಿಂದ ಒಂದು ದನಿ ಕೇಳಿತು: "ಸಂಕಪ್ಪಣ್ಣ, ನಿಮ್ಮ ಮನೆಯವರು ಕಂಬಕ್ಕೂ ಸೀರೆ ಉಡಿಸ್ತಾರಾ ಎಂತ?"

ಇಡೀ ಚಪ್ಪರ ನಕ್ಕಿತು. ಸಂಕಪ್ಪ ಶೆಟ್ಟರು ನಗಲಿಲ್ಲ. ತಲೆ ತಗ್ಗಿಸಿ ಊಟ ಮಾಡಿದರು. ಅವರು ಬೈದಿದ್ದರೆ ಅವಳಿಗೆ ಸುಲಭವಿತ್ತು.

ಸ್ವರ ಒಡೆದದ್ದು ಅದರ ಮರುವರ್ಷ. ಪಾಣೆಮಂಗಳೂರಿನ ಕಡೆಯಿಂದ ಮೀನು ಹೊತ್ತು ತರುತ್ತಿದ್ದ ನಿಝಾಮುದ್ದೀನ್ ಒಂದು ದಿನ ಅಂಗಳದಲ್ಲಿ ನಿಂತು ಕೂಗಿದ, "ಬಂಗುಡೆ ಉಂಟು, ಬೇಕಾ?" ನೀಲಾವತಿ ಒಳಗಿನಿಂದಲೇ, "ಇವತ್ತು ಬೇಡ" ಎಂದಳು.

"ಆಯ್ತು ಶೆಟ್ರೇ," ಎಂದ ಅವನು. "ನಾಳೆ ಬರ್ತೇನೆ. ಹೆಂಗಸರು ಇರುವಾಗ ಕೇಳ್ತೇನೆ."

ಮನೆಯಲ್ಲಿ ಈ ಮಾತು ಒಂದು ವಾರ ಓಡಾಡಿತು. ನೀಲಾವತಿಯೂ ಎಲ್ಲರ ಜೊತೆ ನಕ್ಕಳು. ಆಮೇಲೆ ನಿಝಾಮುದ್ದೀನ್ ಬಂದಾಗ ಅವಳು ಮಾತಾಡಲಿಲ್ಲ. ಬೇಡವೆನ್ನಲು ಪಾತ್ರೆಯ ಮುಚ್ಚಳವನ್ನು ಬಡಿದು ಸದ್ದು ಮಾಡುತ್ತಿದ್ದಳು.

ಸಂಕಪ್ಪ ಶೆಟ್ಟರು ಕೆಟ್ಟವರಲ್ಲ. ಒಂದು ಮಧ್ಯಾಹ್ನ ಅವರು ನಿಜಕ್ಕೂ ಅರ್ಥವಾಗದೆ ಕೇಳಿದರು: "ನಮ್ಮ ಬರಿಯ ಹೆಂಗಸರು ಮುದುಕಿಯರಾದ ಮೇಲೂ ಬೆನ್ನು ನೆಟ್ಟಗೆ ಇಟ್ಟುಕೊಂಡವರು. ನನ್ನ ಅಮ್ಮ, ನನ್ನ ಅಜ್ಜಿ, ದೊಡ್ಡಮ್ಮಂದಿರು, ಒಬ್ಬಳ ಕುತ್ತಿಗೆಯಲ್ಲಿಯೂ ಹೀಗೆ ಬಂದದ್ದಿಲ್ಲ. ನಿನಗೆ ಎಲ್ಲಿಂದ ಬಂತು, ನೀಲಾ?"

ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಬಳಿ, ಕುಲ. ಅವರು ಕೇಳಿದ್ದು ಪ್ರಶ್ನೆ, ಅವಳಿಗೆ ಕೇಳಿಸಿದ್ದು ತೀರ್ಪು. ಮೈಯಲ್ಲಿರುವುದೆಲ್ಲ ಬರಿಯಿಂದ ಬರುತ್ತದೆ. ಬರಿಯಲ್ಲಿ ಇಲ್ಲದ್ದು ಒಬ್ಬಳಲ್ಲಿ ಕಂಡರೆ ಅದನ್ನು ಅವಳೇ ತಂದುಕೊಂಡಿರಬೇಕು. ಸೋಮಾರಿತನದಿಂದಲೋ, ಯಾವುದೋ ಹೇಳಬಾರದ ನಡತೆಯಿಂದಲೋ. ಯಾವ ನಡತೆ ಎಂದು ಅವಳು ಹುಡುಕಿದಳು. ಸಿಕ್ಕಲಿಲ್ಲ. ಸಿಗದಿದ್ದುದರಿಂದ ನಾಚಿಕೆ ಕಡಿಮೆಯಾಗಲಿಲ್ಲ, ಇನ್ನಷ್ಟು ಆಳಕ್ಕೆ ಇಳಿಯಿತು. ಅಂದಿನಿಂದ ಸೆರಗು ಗಲ್ಲದವರೆಗೆ ಏರಿತು.

ಬಂಟ್ವಾಳದ ಒಬ್ಬ ಔಷಧಿಯವನು ಅವಳನ್ನು ನೋಡಿ, ಇದು ಘಟ್ಟದ ಮೇಲಿನವರ ಕಾಯಿಲೆ, ಅಯೋಡಿನ್ ಸಾಲದೆ ಬರುವುದು ಎಂದು ಹನಿ ಔಷಧಿ ಕೊಟ್ಟ. ದಿನಾ ಸಮುದ್ರದ ಮೀನು ತಿನ್ನುವವರಿಗೆ ಅಯೋಡಿನ್ ಹೇಗೆ ಕಡಿಮೆಯಾದೀತೆಂದು ಅವನೂ ಯೋಚಿಸಲಿಲ್ಲ, ಅವಳೂ ಕೇಳಲಿಲ್ಲ. ನಾಲ್ಕೈದು ವರ್ಷ ಅವಳು ಆ ಹನಿಗಳನ್ನು ಪ್ರಾಯಶ್ಚಿತ್ತದಂತೆ ಕುಡಿದಳು. ಕುತ್ತಿಗೆ ಇಳಿಯಲಿಲ್ಲ, ಚಳಿ ಹೆಚ್ಚಿತು.

೧೯೬೧ರಲ್ಲಿ ಚಿನ್ನಯ್ಯ ಒಂದು ಸೋಮವಾರ ಕೆಲಸಕ್ಕೆ ಹೋಗಲಿಲ್ಲ. "ಹೊರಡು, ಮೂಡುಬಿದಿರೆಗೆ ಹೋಗುವ. ಅಲ್ಲಿ ಒಬ್ಬರು ಹೆಂಗಸು ಡಾಕ್ಟ್ರು ಬಂದಿದ್ದಾರೆ," ಎಂದ.

"ನಾನು ಆಲಸಿ ಅಂತ ಹೇಳಿ ಕಳಿಸಿಯಾರು."

"ಆಲಸಿಗಳನ್ನು ನಾನು ಕಾರ್ಖಾನೆಯಲ್ಲಿ ದಿನಾ ನೋಡ್ತೇನೆ ಮಾರಾಯ್ತಿ. ಅವರು ಯಾರೂ ನಿನ್ನ ಹಾಗೆ ಅಳುವುದಿಲ್ಲ."

ಡಾಕ್ಟರ್ ವಾಗ್ದೇವಿ ಕನ್ಯಾನದ ಕಡೆಯ ಹವ್ಯಕ ಮನೆಯಿಂದ ಬಂದವರು. ಮದರಾಸಿನಲ್ಲಿ ಓದಿ, ಮೂಡುಬಿದಿರೆಯ ಬಸದಿಗಳ ಬೀದಿಗೆ ಹತ್ತಿರದಲ್ಲಿ ಚಿಕಿತ್ಸಾಲಯ ತೆರೆದಿದ್ದರು. ಅವರು ನೀಲಾವತಿಯ ಸೆರಗನ್ನು ತಾವೇ ಸರಿಸಿ, ಹಿಂದೆ ನಿಂತು ಎರಡೂ ಕೈಬೆರಳುಗಳಿಂದ ಕುತ್ತಿಗೆಯನ್ನು ಮುಟ್ಟಿ ನೋಡಿದರು. ನೀರು ಕೊಟ್ಟು ನುಂಗಲು ಹೇಳಿದರು. ಮೊಣಕಾಲಿಗೆ ಸಣ್ಣ ಸುತ್ತಿಗೆ ಬಡಿದರು. ಕಾಲು ಎಗರಿ, ತುಂಬ ತಡವಾಗಿ ಕೆಳಗಿಳಿಯಿತು.

"ನಿಮ್ಮ ಕುಟುಂಬದಲ್ಲಿ ಇನ್ನು ಯಾರಿಗಾದರೂ ಹೀಗೆ ಉಂಟಾ?"

"ಇಲ್ಲ," ಎಂದಳು ನೀಲಾವತಿ. "ಯಾರಿಗೂ ಇಲ್ಲ. ನನಗೊಬ್ಬಳಿಗೇ."

ಅದು ಅವಳು ತಿಳಿದಷ್ಟರಲ್ಲಿ ಸತ್ಯವಾಗಿತ್ತು. ಹನಿ ಔಷಧಿಯ ವಿಷಯ ಕೇಳಿ ಡಾಕ್ಟರ್ ವಾಗ್ದೇವಿ ಅದನ್ನು ಅಲ್ಲಿಗೇ ನಿಲ್ಲಿಸಿದರು, ಥೈರಾಯ್ಡ್ ಗುಳಿಗೆ ಕೊಟ್ಟರು. ಮೂರು ತಿಂಗಳಲ್ಲಿ ಬಳೆಗಳು ಸಡಿಲವಾದವು. ಚಳಿ ಬಿಟ್ಟಿತು. ಸ್ವರ ಮಾತ್ರ ಅರ್ಧಕ್ಕೆ ನಿಂತಿತು, ಕುತ್ತಿಗೆ ಮೊದಲಿನಂತೆ ಆಗಲಿಲ್ಲ. ಗುಳಿಗೆಯ ಸೀಸೆಯನ್ನು ಅವಳು ಉಪ್ಪಿನಕಾಯಿ ಭರಣಿಗಳ ಹಿಂದೆ ಇಡುತ್ತಿದ್ದಳು. ಮನೆಯವರು, ನೀಲಾ ಈಗೀಗ ಚುರುಕಾಗಿದ್ದಾಳೆ ಎಂದರು. ಮೊದಲು ಬೇಕೆಂದೇ ಸುಮ್ಮನೆ ಕುಳಿತಿದ್ದಳು ಎಂಬುದು ಆ ಮಾತಿನ ಒಳಗೇ ಇತ್ತು. ಅವಳು ತಿದ್ದಲಿಲ್ಲ. ಕಾಯಿಲೆ ಎಂದರೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮತ್ತೆ ಏಳುತ್ತಿತ್ತು. ಅದಕ್ಕಿಂತ ಸೋಮಾರಿ ಎನ್ನಿಸಿಕೊಳ್ಳುವುದೇ ಮೇಲು.

ಮುಂದಿನ ಸಂಗತಿಯನ್ನು ಹೇಳುವಾಗ ನೀಲಾವತಿ ಮೈದಾ ಚೀಲದ ಹೊಲಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

೧೯೬೪ರ ಕೊನೆಗೆ ಕಾಂತಿಗೆ ಹದಿನೆಂಟು. ವಿಟ್ಲದ ಕಡೆಯಿಂದ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಮಗಳು ಅಂಗಳದ ಬಿಸಿಲಿಗೆ ಮುಖವೆತ್ತಿ ತಂಬಿಗೆಯಿಂದ ನೀರು ಎತ್ತಿ ಕುಡಿಯುವಾಗ, ಗಂಟಲಿನ ಕೆಳಗೆ ಏನೋ ಮೇಲಕ್ಕೆ ಹೋಗಿ ಕೆಳಕ್ಕೆ ಬಂದದ್ದನ್ನು ನೀಲಾವತಿ ಕಂಡಳು. ಅದು ಏನೆಂದು ಅವಳಿಗೆ ಗೊತ್ತಿತ್ತು. ಊರಿನಲ್ಲಿ ಮತ್ತೆ ಯಾರಿಗೂ ಗೊತ್ತಿರದಷ್ಟು ಚೆನ್ನಾಗಿ ಗೊತ್ತಿತ್ತು. ಅವಳು ಮಾಡಿದ್ದು ಇಷ್ಟು: ಹತ್ತಿರ ಹೋಗಿ ಮಗಳ ಸೆರಗನ್ನು ಕುತ್ತಿಗೆಯ ಸುತ್ತ ಎಳೆದು ಹೆಗಲಿಗೆ ಸಿಕ್ಕಿಸಿದಳು.

"ಎಂತ ಅಮ್ಮ?"

"ಗಾಳಿ ಉಂಟು."

ಅಂದಿನಿಂದ ಮನೆಯಲ್ಲಿ ಅವಳು ಮಗಳಿಗೆ ಹೆಚ್ಚಾಗಿ ಆಡುತ್ತಿದ್ದ ಮಾತು, "ಸೆರಗು ಸರಿ ಮಾಡು" ಎಂಬುದೊಂದೇ. ಕಾಂತಿ ಮಧ್ಯಾಹ್ನ ಮಲಗತೊಡಗಿದಳು. ಹೊದಿಕೆ ಕೇಳತೊಡಗಿದಳು. ಒಂದು ದಿನ ರೇಗಿ, "ಅಮ್ಮ, ಇದು ಸೆರಗಲ್ಲ, ಬ್ಯಾಂಡೇಜು. ನಿನಗೆ ಒಂದು, ನನಗೆ ಒಂದು," ಎಂದಳು.

ಆ ಮಾತು ನೀಲಾವತಿಗೆ ನಾಟಿತು. ತನಗೆ ಬಂದದ್ದು ಮಗಳಿಗೂ ಬಂದಿರಬಹುದು. ಅದು ತನ್ನ ಕೈಯಲ್ಲಿರಲಿಲ್ಲ. ಆದರೆ ಮುಚ್ಚುವುದನ್ನು ಕಲಿಸಿದವಳು ತಾನೇ. ೧೯೬೫ರ ಫೆಬ್ರವರಿಯ ಮೊದಲ ವಾರ, ಸೀರೆ ತರುವ ನೆಪ ಹೇಳಿ, ಮಗಳನ್ನು ಕರೆದುಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದಳು.

ಡಾಕ್ಟರ್ ವಾಗ್ದೇವಿ ಕಾಂತಿಯ ಕುತ್ತಿಗೆ ನೋಡಿದರು, ನಾಡಿ ಹಿಡಿದರು. "ಸ್ವಲ್ಪ ಉಂಟು. ಈ ಪ್ರಾಯದ ಹುಡುಗಿಯರಿಗೆ ಬಂದು ತನ್ನಷ್ಟಕ್ಕೆ ಇಳಿಯುವುದೂ ಉಂಟು. ನಿಮ್ಮದು ಆ ಹನಿ ಔಷಧಿಯಿಂದ ಕೆಟ್ಟದ್ದು ಅಂತಲೇ ನಾನು ಗ್ರಹಿಸಿದ್ದು, ನೀಲಾವತಿ. ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲ ಅಂದಿದ್ದಿರಲ್ಲ. ಒಂದು ವರ್ಷ ನೋಡುವ."

ಒಂದು ವರ್ಷದೊಳಗೆ ಮದುವೆಯಾಗಿ, ಹೊಸ ಮನೆಯಲ್ಲಿ ಕಾಂತಿ ಕಂಬಕ್ಕೆ ಒರಗಿ ನಿದ್ದೆಹೋಗುವುದು ನೀಲಾವತಿಯ ಕಣ್ಣೆದುರು ಬಂತು. ಅವಳು ಎದ್ದು ನಿಂತಳು.

ಆಗ ಕಾಂತಿ ಕೇಳಿದಳು: "ಗುರುವಾಯನಕೆರೆಯ ಅಜ್ಜಿ ಲೆಕ್ಕ ಇಲ್ಲವಾ ಅಮ್ಮ? ಕಳೆದ ವರ್ಷ ವೇಣೂರಿನ ಮದುವೆಯಲ್ಲಿ, ಮುಂಡಪ್ಪನ ಮೊಮ್ಮಗಳಾ ಅಂತ ನನ್ನ ಕೆನ್ನೆ ಹಿಂಡಿದರಲ್ಲ, ಅವರು. ಅವರೂ ನಿನ್ನ ಹಾಗೇ ಸುತ್ತಿಕೊಂಡಿದ್ದರು."

"ಅವರು ನಮ್ಮ ಕುಟುಂಬ ಅಲ್ಲ," ಎಂದಳು ನೀಲಾವತಿ, ಮಗುವನ್ನು ತಿದ್ದುವ ದನಿಯಲ್ಲಿ.

ಡಾಕ್ಟರ್ ವಾಗ್ದೇವಿ ತಲೆಯೆತ್ತಿದರು. "ಯಾರು ಅವರು?"

"ನನ್ನ ಅಪ್ಪನ ಅಕ್ಕ."

"ಅಪ್ಪನ ಅಕ್ಕ ಕುಟುಂಬ ಅಲ್ಲವಾ?"

"ಅಲ್ಲವಲ್ಲ ಡಾಕ್ಟ್ರೇ. ಅವರ ಬರಿ ಬೇರೆ, ನಮ್ಮ ಬರಿ ಬೇರೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಅವರ ಸ್ವಂತ ಮನೆಯಲ್ಲಿ ಕುಟುಂಬ ಎಂದರೆ ಅಪ್ಪನ ಕಡೆಯವರು. ನಾಲ್ಕು ವರ್ಷಗಳ ಹಿಂದೆ ಇಲ್ಲ ಎಂಬ ಉತ್ತರವನ್ನು ಕೇಳಿದಾಗ, ಅಪ್ಪ, ಅಜ್ಜ, ಸೋದರತ್ತೆ ಎಲ್ಲರನ್ನೂ ಸೇರಿಸಿಯೇ ಇಲ್ಲವೆಂದು ಅವರು ತಿಳಿದಿದ್ದರು. ಇನ್ನೆಷ್ಟು ಹೆಂಗಸರಿಗೆ ಈ ಪ್ರಶ್ನೆಯನ್ನು ಹೀಗೆಯೇ ಕೇಳಿದ್ದೆನೋ ಎಂದು ಅವರ ಮುಖ ಕೆಂಪಾಯಿತು. "ನಾನು ಒಂದು ಕೇಳಿದೆ, ನೀವು ಒಂದು ಹೇಳಿದಿರಿ," ಎಂದರು. "ಇಬ್ಬರೂ ಸುಳ್ಳು ಹೇಳಲಿಲ್ಲ. ಕೂತುಕೊಳ್ಳಿ, ನೀಲಾವತಿ."

ಅವರು ವಿವರಿಸಿದ್ದನ್ನು ನೀಲಾವತಿ ತನ್ನ ಮಾತಿನಲ್ಲಿ ಉಳಿಸಿಕೊಂಡಿದ್ದಳು. ಮೈಯನ್ನು ಕಾಯುವ ಸೈನ್ಯ ಒಂದು ರಕ್ತದಲ್ಲಿ ಉಂಟು. ಈ ಕಾಯಿಲೆಯಲ್ಲಿ ಅದು ಹೊರಗಿನವರನ್ನು ಬಿಟ್ಟು ಕುತ್ತಿಗೆಯ ಗ್ರಂಥಿಯನ್ನೇ ಶತ್ರುವೆಂದು ತಿನ್ನುತ್ತದೆ, ಮನೆಯ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಇದು ಒಬ್ಬ ಗಂಡಸಿಗೆ ಬಂದರೆ ಎಷ್ಟೋ ಮಂದಿ ಹೆಂಗಸರಿಗೆ ಬರುತ್ತದೆ.

"ಯಾಕೆ ಹೆಂಗಸರಿಗೇ?" ಎಂದು ಕಾಂತಿ ಕೇಳಿದ್ದಳು.

"ಪೂರ್ತಿ ಯಾರಿಗೂ ಗೊತ್ತಿಲ್ಲ ಮಗಾ. ಈಗೀಗ ಕೆಲವರು ಒಂದು ದಾರಿ ಊಹಿಸುತ್ತಿದ್ದಾರೆ," ಎಂದರು ಡಾಕ್ಟರ್. "ತಾಯಿ ತಂದೆಯಿಂದ ಮಕ್ಕಳಿಗೆ ಬರುವ ಗುಣಗಳೆಲ್ಲ ಸಣ್ಣ ಸಣ್ಣ ಎಳೆಗಳಲ್ಲಿ ಇರುತ್ತವೆ. ಅದರಲ್ಲಿ ಒಂದು ಜಾತಿಯ ಎಳೆ ಹೆಂಗಸಿಗೆ ಎರಡು, ಒಂದು ಅಮ್ಮನದು, ಒಂದು ಅಪ್ಪನದು. ಗಂಡಸಿಗೆ ಅದು ಒಂದೇ, ತನ್ನ ಅಮ್ಮನಿಂದ ಬಂದದ್ದು. ಅದನ್ನು ಅವನು ಮಗನಿಗೆ ಕೊಡಲಾರ. ಹುಟ್ಟುವ ಪ್ರತಿಯೊಬ್ಬ ಮಗಳಿಗೂ ಕೊಟ್ಟೇ ಕೊಡ್ತಾನೆ. ಹೆಂಗಸಿನ ಮೈಯಲ್ಲಿ ಕೆಲವು ಕಣಗಳಲ್ಲಿ ಅಮ್ಮನ ಎಳೆ ಎಚ್ಚರ, ಕೆಲವು ಕಣಗಳಲ್ಲಿ ಅಪ್ಪನದು ಎಚ್ಚರ ಅಂತೆ. ಎರಡು ಮನೆಯವರು ಒಂದೇ ಮೈಯಲ್ಲಿ. ಕಾಯುವವನಿಗೆ ಎಲ್ಲಿಯೋ ಗುರುತು ತಪ್ಪುತ್ತದೋ ಏನೋ. ಇದು ಊಹೆ, ತಿಳಿಯಿತಾ? ಬೇರೆ ಎಳೆಗಳೂ ಸೇರಿರಬಹುದು. ಎಳೆ ಬಂದವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. ಆದರೆ ಒಂದೇ ರಕ್ತದ ಹೆಂಗಸರಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆ ಅಜ್ಜಿಯನ್ನು ನಾನು ನೋಡಬೇಕು. ಅವರಿಗೂ ಇದೇ ಆಗಿದ್ದರೆ ನಾನು ಕಾಂತಿಗೆ ಒಂದು ವರ್ಷ ಕಾಯುವುದಿಲ್ಲ."

ಬಸ್ಸಿನಲ್ಲಿ ನೀಲಾವತಿಯ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಅಪ್ಪ ಏನೂ ಕೊಡಲಿಲ್ಲ, ಕೊಡುವ ಕಟ್ಟಳೆಯೂ ಇರಲಿಲ್ಲ. ಸಂಜೆ ಬಂದ, ಬೆಳಿಗ್ಗೆ ಹೋದ. ಹೋಗುವಾಗ ಇದನ್ನು ಇಟ್ಟುಹೋಗಿದ್ದ. ತನ್ನ ತಪ್ಪೆಂದು ಹತ್ತು ವರ್ಷ ಹೊತ್ತದ್ದು ತಪ್ಪೇ ಆಗಿರಲಿಲ್ಲ. ಇಷ್ಟು ತಿಳಿದ ಮೇಲೆ ಹಗುರವಾಗಬೇಕಿತ್ತು; ಆಗಲಿಲ್ಲ. ೧೯೩೮ರ ಆ ಜಗಲಿಯ ಮೂಲೆ ನೆನಪಾಯಿತು. ತನ್ನ ಕಾಯಿಲೆಯ ಮೂಲ ಅಲ್ಲಿ ಕುಳಿತು ತನ್ನನ್ನೇ ನೋಡುತ್ತಿತ್ತು, ಅವಳು ಪಂಕ್ತಿಗೆ ಹೋಗಿದ್ದಳು.

ಸಂಕಪ್ಪ ಶೆಟ್ಟರಿಗೆ ಅವಳು ಈ ಸಲ ಸುಳ್ಳು ಹೇಳಲಿಲ್ಲ. ಅವರು ಕೇಳಿ ಎಲೆಯಡಿಕೆಯ ತಟ್ಟೆಯನ್ನು ದೂರ ಸರಿಸಿದರು. "ಮದುವೆಯ ಮಾತು ನಡೆಯುವಾಗ ಬೇರೆ ಮನೆಯವರ ಕುತ್ತಿಗೆ ನೋಡಲು ಹೋಗುವುದಾ? ನಾಳೆ ಊರಿಗೆಲ್ಲ ಗೊತ್ತಾಗ್ತದೆ. ಯಾವ ಮುಖ ಇಟ್ಟುಕೊಂಡು ಆ ಮನೆಯ ಅಂಗಳಕ್ಕೆ ಕಾಲಿಡ್ತಿ?"

"ಮುಖ ಇಲ್ಲ ಮಾವ," ಎಂದಳು ನೀಲಾವತಿ. "ಇಲ್ಲದೆಯೇ ಹೋಗ್ತೇನೆ."

ಗುರುವಾಯನಕೆರೆ ದಾಟಿ ಆ ಮನೆಯನ್ನು ತಾಯಿ ಮಗಳು ಕೇಳುತ್ತ ತಲುಪಿದಾಗ, ಅಮ್ಮಣ್ಣಿ ಅಂಗಳದ ಬಿಸಿಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಮುಖ ಊದಿಕೊಂಡು, ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು.

"ಯಾರು?"

"ಮುಂಡಪ್ಪನ ಮಗಳು, ಮಾಮಿ. ನೀಲಾವತಿ."

ಮುದುಕಿ ನಿಧಾನವಾಗಿ, ಒಂದೊಂದು ಮಾತನ್ನೂ ಬಾವಿಯಿಂದ ಸೇದಿದಂತೆ ಹೇಳಿದಳು: "ನೀನು ಅವನ ಉತ್ತರಕ್ರಿಯೆಗೆ ಬಂದವಳು. ಹಸಿರು ಸೀರೆ. ಪಾಯಸ ಎರಡು ಸಲ ಹಾಕಿಸಿಕೊಂಡೆ. ನನ್ನ ಹತ್ತಿರ ಬರಲಿಲ್ಲ."

ನೀಲಾವತಿ ಒಂದು ಹೆಜ್ಜೆ ಹಿಂದೆ ಸರಿದಳು. ಆ ಮಾತಿಗಲ್ಲ, ಆ ಸ್ವರಕ್ಕೆ. ಅದು ಅವಳದೇ ಸ್ವರ. ಮುಚ್ಚಳ ಬಡಿದು ತಾನು ಬಚ್ಚಿಟ್ಟಿದ್ದ ಸ್ವರ, ಇಲ್ಲಿ ಹಗಲು ಬೆಳಕಿನಲ್ಲಿ ಮಾತಾಡುತ್ತಿತ್ತು.

ಕಾಂತಿ ಇಬ್ಬರ ಮುಖವನ್ನೂ ನೋಡಿದಳು. "ಅಮ್ಮ, ನಿಮ್ಮಿಬ್ಬರನ್ನೂ ಒಟ್ಟಿಗೆ ಕೇಳಿದರೆ ನಿಝಾಮುದ್ದೀನ್ ಇಬ್ಬರು ಶೆಟ್ರಿದ್ದಾರೆ ಅಂತ ಬುಟ್ಟಿ ಇಲ್ಲಿಯೇ ಇಳಿಸಿ ಹೋದಾನು."

"ಯಾರದು ನಿಝಾಮುದ್ದೀನ್?" ಎಂದಳು ಅಮ್ಮಣ್ಣಿ. ಕಾಂತಿ ಮೀನಿನ ಕಥೆ ಹೇಳಿದಳು. ಮುದುಕಿಯ ಹೊಟ್ಟೆ ಕಂಬಳಿಯೊಳಗೆ ಕುಲುಕಿತು. "ನನ್ನನ್ನು ದನದ ವ್ಯಾಪಾರಿಯೊಬ್ಬ ಯಜಮಾನ್ರೇ ಅಂದಿದ್ದ," ಎಂದಳು. "ಎತ್ತಿನ ಬೆಲೆ ಮಾತಾಡಿಯೇ ಕಳಿಸಿದೆ."

ಹೇಳಬೇಕಾದ ಮಾತು ನೀಲಾವತಿಯ ಬಾಯಿಗೆ ಬರಲಿಲ್ಲ. ನಿಮ್ಮ ಕುತ್ತಿಗೆ ತೋರಿಸಿ ಎಂದು ಹಿರಿಯರಿಗೆ ಹೇಗೆ ಹೇಳುವುದು? ಅವಳು ತನ್ನ ಸೆರಗಿನ ಪಿನ್ನು ತೆಗೆದಳು. ಗಲ್ಲದ ಕೆಳಗಿನ ಸುತ್ತು ಬಿಚ್ಚಿ ಹೆಗಲಿಗೆ ಹಾಕಿದಳು. ಕೆಲಸದವರೊಬ್ಬರು ಅಂಗಳ ದಾಟುತ್ತಿದ್ದರು. ಅವರು ನಿಂತು ನೋಡಿದರು. ಅವಳು ಮುಚ್ಚಿಕೊಳ್ಳಲಿಲ್ಲ.

ಅಮ್ಮಣ್ಣಿ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕೈ ಕಂಬಳಿಯಿಂದ ಹೊರಬಂದು ತನ್ನ ಕುತ್ತಿಗೆಯ ಬಟ್ಟೆಯನ್ನು ತಡಕಿತು. ಗಂಟು ಹಳೆಯದು, ಬಿಚ್ಚಲು ಕಾಂತಿ ಸಹಾಯ ಮಾಡಬೇಕಾಯಿತು.

"ನನ್ನ ಅಮ್ಮನಿಗೂ ಇತ್ತು," ಎಂದಳು ಮುದುಕಿ. "ನಮ್ಮ ಬರಿಯ ಹೆಂಗಸರ ಶಾಪ ಅಂದರು. ಮಕ್ಕಳಾಗಲಿಲ್ಲ, ಗಂಡ ಬರುವುದು ನಿಲ್ಲಿಸಿದ. ಮುಂಡಪ್ಪ ಗಂಡಸು, ತಪ್ಪಿಸಿಕೊಂಡ ಅಂತ ಗ್ರಹಿಸಿದ್ದೆ." ಅವಳು ಕಾಂತಿಯ ಗಲ್ಲವನ್ನು ಎತ್ತಿ ಬಿಸಿಲಿಗೆ ತಿರುಗಿಸಿದಳು. "ತಪ್ಪಿಸಿಕೊಳ್ಳಲಿಲ್ಲ. ಹೊತ್ತುಕೊಂಡು ಹೋದ."

"ಡಾಕ್ಟ್ರ ಹತ್ತಿರ ಬರಬೇಕು ಮಾಮಿ. ನಿಮ್ಮನ್ನು ನೋಡಿದರೆ ಕಾಂತಿಗೆ ಈಗಲೇ ಔಷಧಿ ಶುರು ಮಾಡ್ತಾರೆ."

"ಈಗ ಬೇಕಾಯಿತಾ ನಿನಗೆ ಈ ಮಾಮಿ?"

ನೀಲಾವತಿ ಬೇರೆ ಬರಿ ಎನ್ನಬಹುದಿತ್ತು. ಅದನ್ನು ಆ ಮುಖದ ಎದುರು ಹೇಳಲು ಆಗಲಿಲ್ಲ. "ಹೌದು ಮಾಮಿ," ಎಂದಳು, ನೆಲ ನೋಡುತ್ತ. "ಈಗ ಬೇಕಾಯಿತು."

ಅಮ್ಮಣ್ಣಿ ಒಳಗಿನವರನ್ನು ಕೂಗಿ ಪೆಟ್ಟಿಗೆಯಲ್ಲಿದ್ದ ಸೀರೆ ತರಲು ಹೇಳಿದಳು.

ಅಂದು ರಾತ್ರಿ ಅಲ್ಲಿಯೇ ಉಳಿದು ಮರುದಿನ ಬೆಳಿಗ್ಗೆ ಮೂವರೂ ಹೊರಟರು. ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಬರುವ ಬಸ್ಸಿನ ಒಂದೇ ಬೆಂಚಿನಲ್ಲಿ ಕಿಟಕಿಯ ಬದಿಗೆ ಮುದುಕಿ, ನಡುವೆ ನೀಲಾವತಿ, ಈಚೆಗೆ ಕಾಂತಿ. ಚಿಕಿತ್ಸಾಲಯದಲ್ಲಿ ಚೀಟಿ ಬರೆಯುವವಳು ಅಮ್ಮಣ್ಣಿಯನ್ನು ತೋರಿಸಿ, "ಇವರು ನಿಮಗೆ ಎಂತ ಆಗಬೇಕು?" ಎಂದಳು.

"ನಮ್ಮ ಕುಟುಂಬದವರು," ಎಂದಳು ನೀಲಾವತಿ.

"ಅಲ್ಲ ಮಾರಾಯ್ತಿ, ಇವಳ ಬರಿ ಬೇರೆ," ಎಂದು ಮುದುಕಿ ತಿದ್ದಿದಳು; ಕಟ್ಟಳೆ ತಪ್ಪಿಸುವುದು ಅವಳಿಗೆ ಸೇರುತ್ತಿರಲಿಲ್ಲ.

"ನಮ್ಮ ಕುಟುಂಬದವರು. ಹಾಗೆಯೇ ಬರೆಯಿರಿ."

ಡಾಕ್ಟರ್ ವಾಗ್ದೇವಿ ಮೂವರನ್ನೂ ಸಾಲಾಗಿ ಕೂರಿಸಿ, ಹಿಂದೆ ನಿಂತು, ಒಂದರ ಬಳಿಕ ಒಂದು ಕುತ್ತಿಗೆಯನ್ನು ಮುಟ್ಟಿದರು. ಕಾಂತಿಗೆ ಅಂದೇ ಗುಳಿಗೆ ಕೊಟ್ಟರು. ಅಮ್ಮಣ್ಣಿಯ ಎದೆ ಬಡಿತ ಕೇಳಿ, ಇಷ್ಟು ತಡವಾಗಿ ಪೂರ್ತಿ ಗುಳಿಗೆ ಕೊಟ್ಟರೆ ಹೃದಯ ತಾಳಲಾರದೆಂದು ಕಾಲು ಗುಳಿಗೆಯಿಂದ ಆರಂಭಿಸಿದರು. ಇಷ್ಟು ತಡವಾಗಿ ಎಂಬ ಮಾತನ್ನು ಅವರು ಮೆಲ್ಲಗೆ ಹೇಳಿದ್ದರು. ನೀಲಾವತಿಗೆ ಕೇಳಿಸಿತು.

ವಿಟ್ಲದ ಕಡೆಯ ಸಂಬಂಧದವರು ಕಾರಣ ಹೇಳದೆ ಹಿಂದೆ ಸರಿದರು. ಸಂಕಪ್ಪ ಶೆಟ್ಟರು ಒಂದು ತಿಂಗಳು ಅವಳೊಂದಿಗೆ ಮಾತಾಡಲಿಲ್ಲ. ಕಾಂತಿಯ ಕುತ್ತಿಗೆ ಇಳಿಯಿತು, ಸ್ವರ ಒಡೆಯಲಿಲ್ಲ. ೧೯೬೭ರಲ್ಲಿ ಬೆಳ್ತಂಗಡಿಯಿಂದ ನೋಡಲು ಬಂದವರ ಎದುರಿಗೇ ಅವಳು ಗುಳಿಗೆ ನುಂಗಿ ನೀರು ಕುಡಿದಳು, ಹುಡುಗನ ತಾಯಿ, "ಎಂತದ್ದು ಅದು?" ಎಂದು ಕೇಳಿದಾಗ ಹೇಳಿದಳು. ಆ ತಾಯಿ ತನ್ನ ತಂಗಿಯನ್ನೂ ಡಾಕ್ಟರ ಬಳಿಗೆ ಕರೆದೊಯ್ಯುವುದೆಂದು ವಿಳಾಸ ಪಡೆದು ಹೋದಳು. ಮದುವೆ ನಡೆಯಿತು.

ಅಮ್ಮಣ್ಣಿ ಅದನ್ನು ನೋಡಲಿಲ್ಲ. ಅವಳು ೧೯೬೬ರ ನವೆಂಬರಿನಲ್ಲಿ ತೀರಿಕೊಂಡಳು. ಸುದ್ದಿ ಬಂದ ದಿನ ನೀಲಾವತಿ ಸ್ನಾನ ಮಾಡಿ ಹೊರಗಿನ ಕೋಣೆಯಲ್ಲಿ ಕುಳಿತಳು.

"ನಿನಗೆ ಸೂತಕ ಇಲ್ಲ," ಎಂದರು ಸಂಕಪ್ಪ ಶೆಟ್ಟರು ಬಾಗಿಲಲ್ಲಿ ನಿಂತು. "ಅವರ ಬರಿ ಬೇರೆ."

"ನನಗೆ ಉಂಟು ಮಾವ."

ಅವರು ಆಮೇಲೆ ಅವಳ ಊಟವನ್ನು ಅಲ್ಲಿಗೇ ತಂದುಕೊಡಲು ಹೇಳಿ ಹೋದರು.

ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ ನೀಲಾವತಿಗೆ ವಂಶಾವಳಿಯ ಹಾಳೆಯನ್ನು ತೋರಿಸಲಾಯಿತು. ತಾಯಂದಿರಿಂದ ಹೆಣ್ಣುಮಕ್ಕಳಿಗೆ ಇಳಿಯುವ ಗೆರೆಗಳ ನಡುವೆ, ಗಂಡಸೊಬ್ಬನಿಂದ ಮಗಳಿಗೆ ಎಳೆಯುವ ಗೆರೆಗೆ ಜಾಗವೇ ಇರಲಿಲ್ಲ. ಅವಳು ಹಾಳೆಯ ಅಂಚನ್ನು ತೋರಿಸಿದಳು. ಸೆರಗು ಗಲ್ಲದವರೆಗೆ ಇತ್ತು. ಮಾತಾಡುವಾಗ ಬಿಚ್ಚಿದ್ದರೂ ಬೀದಿಗೆ ಇಳಿಯುವ ಮುನ್ನ ಅವಳು ಮತ್ತೆ ಸುತ್ತಿಕೊಂಡಿದ್ದಳು. "ನನ್ನ ನಾಚಿಕೆ ಹೋಗಲಿಲ್ಲ," ಎಂದಳು. "ಮೊದಲು ಕುತ್ತಿಗೆಯದ್ದಿತ್ತು. ಈಗ ಮಾಮಿಯದ್ದು. ಸತ್ತ ದಿನ ಬರೆಯುವುದು ಬೇಡ. ನಮ್ಮ ಜೊತೆ ಬಂದ ದಿನ ಬರೆಯಿರಿ."

ಮುಂಡಪ್ಪನಿಂದ ನೀಲಾವತಿಗೆ, ನೀಲಾವತಿಯಿಂದ ಕಾಂತಿಗೆ ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆದು, ಮುಂಡಪ್ಪನ ಪಕ್ಕದಲ್ಲಿ ಅವಳು ಹೇಳಿದಂತೆಯೇ ನಮೂದಿಸಲಾಗಿದೆ: ಅಮ್ಮಣ್ಣಿ, ನೀಲಾವತಿಯ ಕುಟುಂಬದವಳು, ೧೯೬೫ ಫೆಬ್ರವರಿ ೧೭, ಬುಧವಾರ, ಕಾಂತಿಯ ಚಿಕಿತ್ಸೆ ಆರಂಭವಾದಂದು ಮೂಡುಬಿದಿರೆಗೆ ಜೊತೆಯಲ್ಲಿ ಬಂದಳು.